ನೆರಳು ಅಳಿಸಿದ ಕೋಣೆ

ಅಜ್ಜಿಯ ಮನೆ ಕೆಡವಿ ಆರು ವರ್ಷವಾಯಿತು. ಅವಳು ಮಲಗುತ್ತಿದ್ದ ಕೋಣೆಯ ಫೋಟೊ ನಮ್ಮಲ್ಲಿ ಉಳಿದಿರುವುದು ಒಂದೇ ಒಂದು. ಮನೆ ಬಿಡುವ ದಿನ ಮೊಬೈಲಿನಲ್ಲಿ ತೆಗೆದದ್ದು. ಮರದ ಮಂಚ, ಕಬ್ಬಿಣದ ಟ್ರಂಕು, ಗೂಟಕ್ಕೆ ನೇತುಹಾಕಿದ ಕೊಡೆ, ಹಳೆಯ ಕ್ಯಾಲೆಂಡರು, ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀರಿದ ಹಾಲಿನ ಲೆಕ್ಕ, ಗಾಜಿನ ಹೆಂಚಿನಿಂದ ಇಳಿದು ನೆಲದ ಮೇಲೆ ಬಿದ್ದ ಬೆಳಕಿನ ಚೌಕ. ಕಳೆದ ತಿಂಗಳು ಚಿಕ್ಕಪ್ಪನ ಮಗ ಆ ಫೋಟೊವನ್ನು ಒಂದು ಆ್ಯಪಿಗೆ ಹಾಕಿ, ವ್ಯಾನ್ ಗೋ ಶೈಲಿಯ ಚಿತ್ರವಾಗಿಸಿ, ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ. ಎಲ್ಲರೂ ಮೆಚ್ಚಿದರು. ಅಮ್ಮನೂ "ಎಷ್ಟು ಚಂದ ಬಂದಿದೆ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ನನಗೆ ಫೋನ್ ಮಾಡಿ ಕೇಳಿದಳು: "ಗೋಡೆ ಮೇಲೆ ಅಜ್ಜಿ ಹಾಲಿನ ಲೆಕ್ಕ ಬರೆದಿದ್ದಳಲ್ಲ, ಅದೆಲ್ಲಿ ಹೋಯ್ತು?"

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಲೆಕ್ಕದ ಗೀರುಗಳು ಗೋಡೆಯ ಉಳಿದ ಕುಂಚದೆಳೆಗಳ ಜೊತೆ ಬೆರೆತುಹೋಗಿದ್ದವು. ಕ್ಯಾಲೆಂಡರಿನಲ್ಲಿ ಅಕ್ಷರದಂಥ ಏನೋ ಇತ್ತು, ಆದರೆ ಅದು ಯಾವ ಭಾಷೆಯ ಅಕ್ಷರವೂ ಅಲ್ಲ. ಬೆಳಕಿನ ಚೌಕವಂತೂ ನೆಲಕ್ಕೆ ಹಾಸಿದ ಹಳದಿ ಚಾಪೆಯಾಗಿತ್ತು. ಕೋಣೆ ಸುಂದರವಾಗಿತ್ತು, ಸುಳ್ಳಲ್ಲ. ಆದರೆ ಅದರಲ್ಲಿ ಯಾರೂ ಇದ್ದುಹೋದ ಗುರುತಿರಲಿಲ್ಲ. ಇದು ಆ್ಯಪಿನ ಸಣ್ಣಪುಟ್ಟ ದೋಷವೋ, ಅಥವಾ 'ಶೈಲಿ' ಎಂಬ ಮಾತನ್ನು ಅದು ಅರ್ಥ ಮಾಡಿಕೊಂಡಿರುವ ಬಗೆಯಲ್ಲೇ ಈ ನಷ್ಟ ಅಡಗಿದೆಯೋ?

ಇದಕ್ಕೆ ಉತ್ತರ ಬೇಕಾದರೆ 2015ಕ್ಕೆ ಹೋಗಬೇಕು. ಆ ವರ್ಷ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಲಿಯಾನ್ ಗ್ಯಾಟಿಸ್, ಅಲೆಕ್ಸಾಂಡರ್ ಎಕರ್, ಮಟಿಯಾಸ್ ಬೆಟ್ಗೆ ಎಂಬ ಮೂವರು ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದರು. ಒಂದು ಫೋಟೊದ 'ವಸ್ತು'ವನ್ನೂ ಒಂದು ವರ್ಣಚಿತ್ರದ 'ಶೈಲಿ'ಯನ್ನೂ ಬೇರ್ಪಡಿಸಿ, ಎರಡನ್ನೂ ಹೊಸ ಚಿತ್ರವೊಂದರಲ್ಲಿ ಕೂಡಿಸಬಹುದು ಎಂದು ಅವರು ತೋರಿಸಿದರು. ಮರುವರ್ಷವೇ ಪ್ರಿಸ್ಮಾದಂಥ ಆ್ಯಪ್‌ಗಳು ಇದನ್ನು ಎಲ್ಲರ ಫೋನಿಗೂ ತಂದವು. ಈ ವಿಧಾನದಲ್ಲಿ ಶೈಲಿ ಎಂದರೆ ಚಿತ್ರದಲ್ಲಿ ಯಾವ ಬಣ್ಣ, ಯಾವ ಗೆರೆ, ಯಾವ ಮೇಲ್ಮೈ ಯಾವುದರ ಜೊತೆ ಕೂಡಿ ಬರುತ್ತದೆ ಎಂಬ ಲೆಕ್ಕ. ಅವು ಎಲ್ಲಿ ಬರುತ್ತವೆ ಎಂಬುದನ್ನು ಆ ಲೆಕ್ಕ ಬೇಕೆಂದೇ ಬಿಟ್ಟುಬಿಡುತ್ತದೆ. ಕುಂಚದ ಸುಳಿ ಆಕಾಶದಲ್ಲಿದ್ದರೂ ಒಂದೇ, ಗೋಡೆಯಲ್ಲಿದ್ದರೂ ಒಂದೇ. ಈಗಿನ ಆ್ಯಪ್‌ಗಳು ಬೇರೆ ವಿಧಾನಗಳನ್ನೂ ಬಳಸುತ್ತವೆ. ಆದರೂ ಶೈಲಿ ಎಂಬುದು ವಸ್ತುವಿನಿಂದ ಕಳಚಿ ಮತ್ತೊಂದಕ್ಕೆ ತೊಡಿಸಬಹುದಾದ ಅಂಗಿ ಎಂಬ ನಂಬಿಕೆ ಹಾಗೆಯೇ ಉಳಿದಿದೆ. ಆ ಅಂಗಿಯ ಕೆಳಗೆ ಹಾಲಿನ ಲೆಕ್ಕವೂ ಗೋಡೆಯ ಬಿರುಕೂ ಒಂದೇ ತೂಕದವು.

ಯಂತ್ರ ಅಳಿಸಿತು ಎಂದು ದೂರುವ ಮೊದಲು ನಾನೇ ಎಡವಿದೆ. ವ್ಯಾನ್ ಗೋ ಕೂಡ ಅಳಿಸಿದ್ದ. 1888ರ ಅಕ್ಟೋಬರಿನಲ್ಲಿ ಆರ್ಲ್‌ನ ತನ್ನ ಮಲಗುವ ಕೋಣೆಯನ್ನು ಬರೆದಾಗ ತಮ್ಮ ಥಿಯೋಗೆ ಕಳಿಸಿದ ಪತ್ರದಲ್ಲಿ, ನೆರಳುಗಳನ್ನೆಲ್ಲ ತೆಗೆದುಹಾಕಿದ್ದೇನೆ ಎಂದು ಅವನೇ ಹೇಳಿಕೊಂಡಿದ್ದಾನೆ. ಜಪಾನಿ ಮುದ್ರಣಚಿತ್ರಗಳಂತೆ ಸಪಾಟು ಬಣ್ಣ ಹಚ್ಚಿದ. ಹಾಗಾದರೆ ಅವನ ಅಳಿಸುವಿಕೆಗೂ ನಮ್ಮ ಆ್ಯಪಿನ ಅಳಿಸುವಿಕೆಗೂ ಏನು ವ್ಯತ್ಯಾಸ?

ಅದೇ ಪತ್ರದಲ್ಲಿ ಕಾರಣವೂ ಇದೆ. ದಣಿದ ಕಣ್ಣು, ಬಲವಂತದ ವಿಶ್ರಾಂತಿ. ನೋಡುವವರ ಮನಸ್ಸಿಗೂ ಕಲ್ಪನೆಗೂ ಈ ಚಿತ್ರ ವಿರಾಮ ಕೊಡಬೇಕು ಎಂಬುದು ಅವನ ಆಸೆ. ಆ ವಿರಾಮಕ್ಕೆ ನೆರಳು ಅಡ್ಡಿ ಎನಿಸಿದ್ದರಿಂದ ಅದು ಹೋಯಿತು. ಆದರೆ ಮಂಚದ ತಲೆಯ ಕಡೆ ಗೂಟಕ್ಕೆ ತೂಗಿದ ಬಟ್ಟೆ ಹೋಗಲಿಲ್ಲ, ಟವೆಲ್ ಹೋಗಲಿಲ್ಲ, ಗೋಡೆಯ ಮೇಲಿನ ಗೆಳೆಯರ ಭಾವಚಿತ್ರಗಳು ಹೋಗಲಿಲ್ಲ. ಏನು ಹೋಗಬೇಕು, ಏನು ಉಳಿಯಬೇಕು ಎಂದು ಒಬ್ಬ ಮನುಷ್ಯ ಒಂದೊಂದನ್ನೂ ತೂಗಿ ನಿರ್ಧರಿಸಿದ್ದ. ಮುಂದೆ ಆ ಚಿತ್ರ ನೀರಿನ ತೇವಕ್ಕೆ ಸಿಕ್ಕಿ ಹಾಳಾಯಿತು. 1889ರ ಸೆಪ್ಟೆಂಬರಿನಲ್ಲಿ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಅದೇ ಕೋಣೆಯನ್ನು ಮತ್ತೆರಡು ಸಲ ಬರೆದ. ಅದರಲ್ಲಿ ಚಿಕ್ಕದೊಂದು ತಾಯಿ ಮತ್ತು ತಂಗಿಗಾಗಿ. ಪ್ರತಿ ಸಲವೂ ಗೋಡೆಯ ಭಾವಚಿತ್ರಗಳು ಬದಲಾದವು. ಮೊದಲನೆಯದರಲ್ಲಿ ಗೆಳೆಯರಿದ್ದ ಜಾಗಕ್ಕೆ ಆಮೇಲೆ ಅವನದೇ ಮುಖ ಬಂತು. ಮೂರರಲ್ಲೂ ಕೈ ಅದೇ, ಕೋಣೆಯೂ ಅದೇ. ಬದಲಾದದ್ದು ಆ ಕೋಣೆಗೂ ಅವನಿಗೂ ಇದ್ದ ದೂರ.

ಇನ್ನೊಂದು ವಿಚಾರ ನನ್ನನ್ನು ಹೆಚ್ಚು ಕಾಡಿತು. ಇಂದು ಆ ಕೋಣೆಯ ಗೋಡೆ ನೀಲಿ. ಆದರೆ ಪತ್ರದಲ್ಲಿ ವ್ಯಾನ್ ಗೋ ಹೇಳುವುದು ತಿಳಿನೇರಳೆ ಎಂದು. ಅವನು ಬಳಸಿದ ಕೆಂಪು ಬಣ್ಣ ಬೆಳಕಿಗೆ ಮಾಸುವಂಥದ್ದು. ನೇರಳೆಯೊಳಗಿನ ಕೆಂಪು ವರ್ಷಗಟ್ಟಲೆ ಕರಗಿ ನೀಲಿ ಮಾತ್ರ ಉಳಿಯಿತು. 2016ರಲ್ಲಿ ಮೂರೂ ಚಿತ್ರಗಳನ್ನು ಒಟ್ಟಿಗೆ ಇರಿಸಿ ಪ್ರದರ್ಶನ ಮಾಡಿದಾಗ ಶಿಕಾಗೋದ ಕಲಾಸಂಸ್ಥೆ ಈ ಮಾಸುವಿಕೆಯನ್ನು ವಿವರವಾಗಿ ತೋರಿಸಿತ್ತು. ಅದೇ ಹೊತ್ತಿಗೆ ಆ ಕೋಣೆಯನ್ನು ನಿಜವಾಗಿಯೇ ಕಟ್ಟಿ, ರಾತ್ರಿಗೆ 10 ಡಾಲರ್‌ನಂತೆ ಬಾಡಿಗೆಗೂ ಕೊಟ್ಟಿತ್ತು! ಈಗ ಯೋಚಿಸಿ: ಕೋಣೆಯ ಈ ಚಿತ್ರವನ್ನು ಮಾದರಿಯಾಗಿ ಕೊಟ್ಟರೆ ಸಾಫ್ಟ್‌ವೇರಿಗೆ ಸಿಗುವುದು ಇಂದಿನ ಡಿಜಿಟಲ್ ಪ್ರತಿ. ಅದರಲ್ಲಿ ಕಲಾವಿದನ ಆಯ್ಕೆ ಎಷ್ಟು, ಬಿಸಿಲು ತಿಂದದ್ದು ಎಷ್ಟು ಎಂದು ಅದು ಬೇರ್ಪಡಿಸಲಾರದು. ಉದ್ದೇಶವೂ ಆಕಸ್ಮಿಕವೂ ಅದಕ್ಕೆ ಸಮಾನ. ಬಣ್ಣ ಮಾಸಿದ್ದನ್ನೂ 'ಶೈಲಿ' ಎಂದೇ ಕಲಿತು, ಅದನ್ನೇ ನಮ್ಮ ಕೋಣೆಗಳಿಗೆ ಬಳಿಯುತ್ತದೆ.

ಕಾವ್ಯಮೀಮಾಂಸೆ ಓದಿದವರಿಗೆ ಈ ಜಗಳ ಹಳೆಯದೆನಿಸಬಹುದು. ರೀತಿಯೇ ಕಾವ್ಯದ ಆತ್ಮ ಎಂದ ವಾಮನ ರೀತಿಗಳನ್ನು ವೈದರ್ಭಿ, ಗೌಡೀಯಾ, ಪಾಂಚಾಲಿ ಎಂದು ನಾಡುಗಳ ಹೆಸರಿನಲ್ಲಿ ಗುರುತಿಸಿದ. ಕುಂತಕ ಇದನ್ನು ಒಪ್ಪಲಿಲ್ಲ. ಸೋದರಮಾವನ ಮಗಳನ್ನು ಮದುವೆಯಾಗುವುದು ಒಂದು ನಾಡಿನ ರೂಢಿಯಾಗಬಹುದು, ಆದರೆ ಕಾವ್ಯ ಕಟ್ಟುವ ಬಗೆಯನ್ನು ಹಾಗೆ ದೇಶಾಚಾರ ಎನ್ನಲಾಗದು ಎಂಬುದು ಅವನ ವಾದ. ಮಾರ್ಗ ಹುಟ್ಟುವುದು ಕವಿಯ ಸ್ವಭಾವದಿಂದ. ಆ್ಯಪಿನ ಪಟ್ಟಿಯಲ್ಲಿ ಸಾಲಾಗಿ ನಿಂತಿರುವ 'ವ್ಯಾನ್ ಗೋ', 'ಜಪಾನಿ', 'ಸ್ಕ್ಯಾಂಡಿನೇವಿಯನ್', 'ಮಿನಿಮಲಿಸ್ಟ್' ಎಂಬ ಗುಂಡಿಗಳನ್ನು ನೋಡಿದಾಗ ಕುಂತಕನ ತಕರಾರು ನೆನಪಾಗದೆ ಇರದು. ಒಬ್ಬ ವ್ಯಕ್ತಿಯ ಹೆಸರೂ ಒಂದು ನಾಡಿನ ಹೆಸರೂ ಒಂದು ಪೀಠೋಪಕರಣದ ಫ್ಯಾಷನ್ನೂ ಅಲ್ಲಿ ಒಂದೇ ಅಳತೆಯ ಚೌಕಗಳು. ಸ್ವಭಾವದ ಜಾಗದಲ್ಲಿ ಲೇಬಲ್ಲು ಕೂತಿದೆ.

ಇಷ್ಟು ಹೇಳಿ 'ಕೈಚಿತ್ರ ಮೇಲು, ಯಂತ್ರ ಕೀಳು' ಎಂದು ಮುಗಿಸಿದರೆ ಅದು ಸೋಮಾರಿ ವಿಮರ್ಶೆ. ಫೋಟೊಗೆ ಬಣ್ಣ ಬಳಿಯುವುದು ನಮಗೇನೂ ಹೊಸದಲ್ಲ. ಕಪ್ಪುಬಿಳುಪಿನ ಕಾಲದಲ್ಲಿ ನಮ್ಮ ಸ್ಟುಡಿಯೋಗಳ ಕಲಾವಿದರು ಫೋಟೊದ ಮೇಲೆಯೇ ಕುಂಚ ಆಡಿಸಿ ಸೀರೆಗೆ ಬಣ್ಣ, ಒಡವೆಗೆ ಹೊನ್ನು ಕೊಡುತ್ತಿದ್ದರು. ಅದೂ ಒಂದು ಸುಳ್ಳೇ. ಆದರೆ ಸೀರೆಯ ಅಂಚು ಯಾವ ಬಣ್ಣದ್ದು ಎಂದು ಹೇಳಲು ಮನೆಯವರಿಗೆ ಅಲ್ಲಿ ಅವಕಾಶವಿತ್ತು. ನನ್ನ ತಮ್ಮ ಗುಂಡಿ ಒತ್ತಿದಾಗ ಅಂಥ ಮಾತುಕತೆಗೆ ಜಾಗವೇ ಇರಲಿಲ್ಲ. ಅವನದೂ ಪ್ರೀತಿಯೇ. ಅಜ್ಜಿಯ ಕೋಣೆ ಚಂದ ಕಾಣಲಿ ಎಂದೇ ಅವನು ಒತ್ತಿದ್ದು. ಆ ಪ್ರೀತಿಯನ್ನು ಯಾವ ವಿವರದ ಮೇಲೆ ಇಡಬೇಕು ಎಂದು ಆ್ಯಪ್ ಅವನನ್ನು ಕೇಳಲಿಲ್ಲ.

ನಾನೂ ಪ್ರಯತ್ನಿಸಿದೆ. ಮೂಲ ಫೋಟೊವನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು, ಮೇಲೊಂದು ಪದರವಾಗಿ ಬಣ್ಣದ ಚಿತ್ರವನ್ನಿಟ್ಟು, ಬೇಕಾದಲ್ಲಿ ಮಾತ್ರ ಅದು ಕಾಣುವಂತೆ ಉಳಿದ ಭಾಗವನ್ನು ಮರೆಮಾಡುತ್ತ ಹೋದೆ. ಎರಡು ಸಂಜೆ ಹಿಡಿಯಿತು. ಮಂಚಕ್ಕೆ ಕುಂಚದ ಎಳೆ ಇರಲಿ ಅನ್ನಿಸಿತು. ಟ್ರಂಕಿನ ತುಕ್ಕು ತುಕ್ಕಾಗಿಯೇ ಉಳಿಯಲಿ ಅನ್ನಿಸಿತು. ಹಾಲಿನ ಲೆಕ್ಕದ ಹತ್ತಿರ ಬಂದಾಗ ಕೈ ನಿಂತಿತು. ಆ ಗೀರುಗಳಲ್ಲಿ ಯಾವುದು ಅಂಕಿ, ಯಾವುದು ಗೋಡೆಯ ಬಿರುಕು ಎಂದು ನನಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಗೋಡೆಯ ಪಕ್ಕ ಮಲಗೆದ್ದ ನಾನು ಅದನ್ನು ಓದಿಯೇ ಇರಲಿಲ್ಲ. ಆ್ಯಪ್ ಮಾಡಿದ್ದನ್ನು ನನ್ನ ಕಣ್ಣು ಮೊದಲೇ ಮಾಡಿ ಮುಗಿಸಿತ್ತು.

ಅಮ್ಮನಿಗೆ ಮೂಲ ಫೋಟೊವನ್ನೇ ಕಳಿಸಿ ಕೇಳಿದೆ. ಅವಳು ಲೆಕ್ಕವನ್ನು ಓದಿ ಹೇಳಿದಳು: ಅರ್ಧ ಲೀಟರಿನ ದಿನಕ್ಕೆ ಗಿಡ್ಡ ಗೀರು, ಒಂದು ಲೀಟರಿನ ದಿನಕ್ಕೆ ಉದ್ದ ಗೀರು, ನೆಂಟರು ಬಂದ ದಿನ ಪಕ್ಕಕ್ಕೊಂದು ಚುಕ್ಕೆ. ಆಮೇಲೆ ನಾನು ಕೇಳದೆಯೇ ಸೇರಿಸಿದಳು: "ಫೋಟೊ ತೆಗೆದದ್ದು ಹನ್ನೊಂದರ ಹೊತ್ತಿಗೆ ಇರಬೇಕು. ಬಿಸಿಲು ಟ್ರಂಕಿನ ಕಾಲಿಗೆ ಬಂದಿದೆ ನೋಡು. ಅಜ್ಜಿ ಅನ್ನಕ್ಕೆ ಇಡ್ತಿದ್ದದ್ದು ಆವಾಗಲೇ."

ನನ್ನ ಚಿತ್ರದಲ್ಲಿ ಆ ಚೌಕಕ್ಕೆ ಬಣ್ಣ ಹಚ್ಚಿಲ್ಲ. ಉಳಿದದ್ದು ಇನ್ನೂ ಮುಗಿದಿಲ್ಲ.