ಅಟ್ಲಾಂಟಿಕ್ ಸನ್ನದಿನ ಮೂರನೆಯ ಅಂಶ

1941ನೆಯ ಆಗಸ್ಟ್ 14ರಂದು ರೂಸ್‌ವೆಲ್ಟ್, ಚರ್ಚಿಲ್ ಇವರ ಹೆಸರಿನಲ್ಲಿ ಪ್ರಕಟವಾದ ಅಟ್ಲಾಂಟಿಕ್ ಸನ್ನದು ಎಂಟು ಅಂಶಗಳ ಕಿರುಬರಹ. ಯುದ್ಧಾನಂತರದ ಲೋಕವನ್ನು ಕಲ್ಪಿಸುವ ಈ ಬರಹದ ಸತ್ತ್ವಪರೀಕ್ಷೆ ಮೂರನೆಯ ಅಂಶದಲ್ಲಿಯೇ ಆಗತಕ್ಕದ್ದು. ಅದರ ಪೂರ್ವಾರ್ಧವು ತಮ್ಮ ಆಳ್ವಿಕೆಯ ರೂಪವನ್ನು ಆರಿಸಿಕೊಳ್ಳುವ ಹಕ್ಕು ಸಕಲ ಜನಾಂಗಗಳಿಗೂ ಉಂಟೆನ್ನುವುದು. ಉತ್ತರಾರ್ಧವು ಬಲಾತ್ಕಾರದಿಂದ ಸ್ವಾಧಿಕಾರವನ್ನು ಕಳೆದುಕೊಂಡವರಿಗೆ ಅದು ಮರಳಿ ದೊರೆಯಲೆಂದು ಬಯಸುವುದು. ಸೆಪ್ಟೆಂಬರ್ 9ರಂದು ಚರ್ಚಿಲ್ಲರು ಕಾಮನ್ಸ್ ಸಭೆಯಲ್ಲಿ, ತಮ್ಮ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ನಾಜಿಗಳ ನೊಗಕ್ಕೆ ಸಿಲುಕಿದ ಯೂರೋಪಿನ ನಾಡುಗಳೆಂದೂ, ಭಾರತ ಬರ್ಮಾಗಳ ವಿಷಯ ಬೇರೆಯೆಂದೂ ಅರ್ಥಮಾಡಿದರು. ಉತ್ತರಾರ್ಧವನ್ನು ಹಿಡಿದು ಪೂರ್ವಾರ್ಧವನ್ನು ಸಂಕೋಚಗೊಳಿಸುವ ಈ ವ್ಯಾಖ್ಯಾನಕ್ಕೆ ಮೂಲದಲ್ಲಿ ಆಧಾರವಿಲ್ಲ. ಸಮುಚ್ಚಯಪದದಿಂದ ಕೂಡಿದ ಎರಡು ಸ್ವತಂತ್ರ ವಾಕ್ಯಗಳಲ್ಲಿ ಒಂದು ಮತ್ತೊಂದಕ್ಕೆ ವಿಶೇಷಣವಾಗಲಾರದು. ಕರ್ತೃವೇ ಟೀಕಾಕಾರನಾದರೂ ಗ್ರಂಥದಲ್ಲಿಲ್ಲದುದನ್ನು ಸೇರಿಸುವ ಹಕ್ಕು ಅವನಿಗಿಲ್ಲವಷ್ಟೆ. ಸಹಕರ್ತೃವಾದ ರೂಸ್‌ವೆಲ್ಟರಾದರೋ 1942ನೆಯ ಫೆಬ್ರವರಿಯಲ್ಲಿ ಸನ್ನದು ಸಮಸ್ತ ಜಗತ್ತಿಗೂ ಅನ್ವಯಿಸುವುದೆಂದು ಸಾರಿದರು.