ಬೆಳ್ಳಿಗೆ ಬೇಕಾದ ನೆರಳು

ಕೈಯಿಂದ ಮಾಡಿದ ಒಡವೆಗಳ ಫೋಟೋ ಶೂಟ್ ಅಂದರೆ ಕಲಬುರಗಿಯಲ್ಲಿ ಎಲ್ಲರ ಬಾಯಿಗೂ ಮೊದಲು ಬರುವುದು ಕೋಟೆ. ನನಗೆ ಆ ಆಯ್ಕೆ ಒಪ್ಪಿಗೆಯಿಲ್ಲ. ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳ ಮುಂದೆ ರೂಪದರ್ಶಿಯನ್ನು ನಿಲ್ಲಿಸಿದರೆ ನೋಡುವವರ ಕಣ್ಣು ಕಮಾನಿಗೇ ಹೋಗುತ್ತದೆ, ಹೆಬ್ಬೆರಳಗಲದ ಝುಮಕಿ ಎಲ್ಲೋ ಕಳೆದುಹೋಗುತ್ತದೆ. ಮೇಲಾಗಿ ಕೋಟೆ, ಹಫ್ತ್ ಗುಂಬಜ್ ಗೋರಿಸಮೂಹ ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ವ್ಯಾಪಾರಕ್ಕಾಗಿ ಚಿತ್ರ ತೆಗೆಯಲು ಮೊದಲೇ ಅನುಮತಿ ಪಡೆಯಬೇಕು.

ಅದರ ಬದಲು ಒಡವೆ ಗಂಟು ಕಟ್ಟಿಕೊಂಡು ಹುಮನಾಬಾದ್ ರಸ್ತೆ ಹಿಡಿಯಿರಿ. ಮಹಾಗಾಂವ್ ಕ್ರಾಸ್ ದಾಟಿದರೆ ಕಮಲಾಪುರ, ಹೆಚ್ಚೆಂದರೆ ಒಂದು ತಾಸಿನ ಹಾದಿ. ತೊಗರಿ ಹೂವಾಡುವ ದಿನಗಳಲ್ಲಿ ಹೊಲಗಳು ಹಳದಿಯಾಗಿರುತ್ತವೆ. ಬಿದರಿ ಓಲೆಗೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ನಾನು ಕಂಡಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ವಸ್ತು ಅದು. ಆ ಕಪ್ಪು ಹೊಳೆಯುವುದಿಲ್ಲ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಬೆಳಕು ಓರೆಯಾಗಿ ಬೀಳುವಂತೆ ನೋಡಿಕೊಳ್ಳಿ. ಆಗ ಉಳಿಯ ಗುರುತು ಕೂಡ ಎದ್ದು ಕಾಣುತ್ತದೆ. ಕೈಕೆಲಸದ ಒಡವೆಯಲ್ಲಿ ತೋರಿಸಬೇಕಾದದ್ದೇ ಅದು.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಹಣ್ಣಷ್ಟೇ ಅಲ್ಲ, ದಿಂಡಿನ ಮೇಲೂ, ಎಲೆಯ ನಡುದಂಟಿನ ಮೇಲೂ ಕೆಂಪು ಛಾಯೆ ಇರುತ್ತದೆ. ತೋಟದವರನ್ನು ಕೇಳಿಕೊಂಡು ಒಳಗೆ ಹೋದರೆ ಅಲ್ಲೇ ನಿಂತುಬಿಡುವ ಆಸೆ ಆಗುತ್ತದೆ. ನಿಲ್ಲಬೇಡಿ. ಎಲೆಗಳ ಮೂಲಕ ಇಳಿದ ಬೆಳಕು ಹಸಿರಾಗಿರುತ್ತದೆ, ಬೆಳ್ಳಿ ಅದನ್ನೆಲ್ಲ ಹೀರಿಕೊಂಡಂತೆ ತೋರಿಸುತ್ತದೆ. ಎಷ್ಟು ತಿದ್ದಿದರೂ ಆ ಹಸಿರು ಪೂರ್ತಿ ಹೋಗುವುದಿಲ್ಲ. ತೋಟದ ಅಂಚಿನ ನೆರಳಲ್ಲಿ, ಬಯಲಿನ ಕಡೆ ಮುಖ ಮಾಡಿ ಕೂರಿಸಿ. ಬಾಳೆ ಹಿಂದೆ ಮಸುಕಾಗಿ ಇರಲಿ. ಎದುರಿಗೆ ಬಿಳಿ ಧೋತರ ಹಿಡಿದರೆ ಸಾಕು, ಬೆಲೆಬಾಳುವ ರಿಫ್ಲೆಕ್ಟರ್ ಬೇಡ.

ಲಂಬಾಣಿ ಒಡವೆಗಳದ್ದು ಬೇರೆಯೇ ಪರೀಕ್ಷೆ. ಕವಡೆ, ನಾಣ್ಯ, ಮಣಿಗಳ ನಡುವೆ ಹೊಲಿದ ಒಂದೊಂದು ಕನ್ನಡಿಯಲ್ಲೂ ಎದುರಿಗೆ ನಿಂತವರೆಲ್ಲ ಮೂಡುತ್ತಾರೆ. ಛಾಯಾಗ್ರಾಹಕ ಕಪ್ಪಂಗಿ ತೊಡಬೇಕು, ಸಂಗಡಿಗರು ದೂರ ಸರಿಯಬೇಕು. ಮೊಬೈಲಲ್ಲಿ ತೆಗೆಯುವವರು ಹತ್ತಿರ ಬಗ್ಗದೆ, ಎರಡು ಹೆಜ್ಜೆ ಹಿಂದೆ ನಿಂತು ಎರಡರಷ್ಟು ಝೂಮ್ ಬಳಸಲಿ. ತೀರ ಸಮೀಪದಲ್ಲಿ ಮುಖವೂ ಒಡವೆಯೂ ಸೊಟ್ಟಗಾಗುತ್ತವೆ.

ಕಾಲ? ನವೆಂಬರ್, ಡಿಸೆಂಬರ್. ಸೂರ್ಯ ಹುಟ್ಟಿದ ಮೇಲಿನ ಎರಡು ತಾಸು ನಿಮ್ಮದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆಯಿದು, ಕಾದ ಲೋಹವನ್ನು ಹುಡುಗಿಯೊಬ್ಬಳ ಕೊರಳಿಗೆ ಹಾಕುವುದು ಹಿಂಸೆ.

ಲಂಬಾಣಿ ತಾಂಡಾದ ಹಿರಿಯ ಹೆಂಗಸರನ್ನೇ ರೂಪದರ್ಶಿಯಾಗಿ ಕೇಳುವವರಿದ್ದಾರೆ. ಕೇಳಿ, ಆದರೆ ಊರಿನ ರೂಪದರ್ಶಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಕೊಡಿ. ಅವರಿಗೆ ಆ ಉಡುಗೆ ತೊಡುಗೆ ವೇಷವಲ್ಲ, ಉಟ್ಟು ತೊಟ್ಟು ಬಾಳಿದ ಬದುಕು. ಒಡವೆ ಮಾಡಿದವರು ಒಪ್ಪಿದರೆ ಚಿತ್ರದ ಕೆಳಗೆ ಅವರ ಹೆಸರನ್ನೂ ತಾಂಡಾದ ಹೆಸರನ್ನೂ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಅವರ ಮನೆಗೇ ಮುಟ್ಟಿಸಿ.