ಅರಸಿನ ಎಲೆಯ ಕಡುಬು

ಅಟ್ಟಿನಳಗೆಯ ಮುಚ್ಚಳದ ಸಂದಿನಿಂದ ಹಬೆ ಏಳುವಾಗ ಮೊದಲು ಮೂಗಿಗೆ ತಾಗುವುದು ಎಲೆಯ ಪರಿಮಳ. ಅಕ್ಕಿ, ಬೆಲ್ಲ, ಏಲಕ್ಕಿಯ ಸರದಿ ಆಮೇಲೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮನೆಗಳಿಗೆ ನಾಗರಪಂಚಮಿ ಬಂತೆಂದು ಸಾರುವುದು ಈ ಘಮವೇ.

ಆ ಬೆಳಗ್ಗೆ ಕುಟುಂಬದವರೆಲ್ಲ ಮೂಲದ ನಾಗಬನದಲ್ಲಿ ಸೇರುವುದು ನಮ್ಮ ಕ್ರಮ. ಮುಂಬಯಿಯಲ್ಲಿರುವ ದೊಡ್ಡಪ್ಪನ ಮಕ್ಕಳೂ ಬರುತ್ತಾರೆ, ಮದುವೆಯಾಗಿ ಹೋದ ಅತ್ತೆಯಂದಿರೂ ಬರುತ್ತಾರೆ. ಹಾಲು, ಎಳನೀರು, ಅರಸಿನ ಹುಡಿ, ಸಿಂಗಾರ, ಕೇದಗೆ ಹಿಡಿದು ಮಳೆಯಲ್ಲೇ ನಿಲ್ಲುತ್ತೇವೆ. ನಾಗನಿಗೆ ಹಾಲು, ಎಳನೀರಿನ ತನು ಎರೆದು, ತಂಬಿಲದ ಪೂಜೆ ಮುಗಿಸಿ ಮನೆಗೆ ಬಂದರೆ ಕಡುಬು. ಪಂಚಮಿಯಂದು ಬಾಣಲೆ ಇಡಬಾರದು, ಕರಿಯಬಾರದು ಎಂಬ ನೇಮ ಹಲವು ಮನೆಗಳಲ್ಲಿದೆ. ನಮ್ಮಲ್ಲೂ ಹಬೆಯಲ್ಲಿ ಬೆಂದದ್ದೇ ಹಬ್ಬದ ತಿಂಡಿ. ಬನದಲ್ಲಿ ನಾಗನ ಕಲ್ಲಿಗೆ ಹಚ್ಚಿದ ಹುಡಿ, ಮನೆಯಲ್ಲಿ ಕಡುಬು ಮಡಚಿದ ಎಲೆ ಎರಡೂ ಒಂದೇ ಗಿಡದ್ದು ಎನ್ನುವುದು ನನಗೆ ಪ್ರತಿ ವರ್ಷ ಹೊಸ ಖುಷಿ.

ಕೆಲಸ ಸರಳ, ಆದರೆ ಕೈಗೆ ಹದ ಗೊತ್ತಿರಬೇಕು. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಒಂದಿಷ್ಟು ತೆಂಗಿನ ತುರಿ, ಉಪ್ಪಿನೊಂದಿಗೆ ನುಣ್ಣಗೆ, ಗಟ್ಟಿಯಾಗಿ ರುಬ್ಬಬೇಕು. ನೀರು ಹೆಚ್ಚಾದರೆ ಹಿಟ್ಟು ಎಲೆಯ ಮೇಲೆ ನಿಲ್ಲುವುದಿಲ್ಲ. ಎಲೆಯನ್ನು ತೊಳೆದು ಒರೆಸಿ, ಬೆನ್ನ ಕಡೆ ಉಬ್ಬಿದ ನಡುನರವನ್ನು ಕತ್ತಿಯಲ್ಲಿ ತೆಳ್ಳಗೆ ಸವರಿದರೆ ಅದು ಒಡೆಯದೆ ಮಡಚಿಕೊಳ್ಳುತ್ತದೆ. ಬೆರಳು ನೀರಿಗೆ ಅದ್ದಿ, ಹಿಟ್ಟನ್ನು ನಡುವಿನಿಂದ ಅಂಚಿನತ್ತ ಹಚ್ಚುತ್ತಾ ಹೋಗುವುದು ನಮ್ಮ ದೊಡ್ಡಮ್ಮನ ಕೆಲಸ. ಹಿಟ್ಟಿನಡಿಯಲ್ಲಿ ಎಲೆಯ ಹಸಿರು ಮಸುಕಾಗಿ ಕಾಣುವಷ್ಟು ತೆಳುವಾಗಿ ಅವರು ಹಚ್ಚುತ್ತಾರೆ. ಅರ್ಧ ಭಾಗಕ್ಕೆ ಕಾಯಿತುರಿ, ಬೆಲ್ಲ, ಏಲಕ್ಕಿಯ ಹೂರಣ ಹರಡಿ ಎಲೆ ಮಡಚಿದರೆ ಆಯಿತು. ಮುಂದಿನ ಇಪ್ಪತ್ತು ನಿಮಿಷ ಹಬೆಯದು.

ಬೆಂದ ಮೇಲೆ ಎಲೆಯ ಹಸಿರು ಕಂದುತ್ತದೆ. ಬಿಸಿಬಿಸಿಯಾಗಿ ಬಿಡಿಸಲು ಹೋದರೆ ಹಿಟ್ಟು ಎಲೆಗೇ ಅಂಟಿ ಹರಿಯುತ್ತದೆ. ಸ್ವಲ್ಪ ಆರಿದ ಮೇಲೆ ತುದಿ ಹಿಡಿದು ಎಳೆದರೆ ಇಡೀ ಎಲೆ ನಯವಾಗಿ ಕಳಚಿಕೊಂಡು, ಬಿಳಿ ಕಡುಬಿನ ಮೈಮೇಲೆ ಅದರ ನರಗಳ ಗೆರೆ ಒಂದೂ ಬಿಡದೆ ಮೂಡಿರುತ್ತದೆ. ಆ ಗೆರೆಗಳ ಮೇಲೆ ಒಂದು ಚಮಚ ತುಪ್ಪ ಬೀಳಲಿ. ಸಪ್ಪೆ ಅಕ್ಕಿಯ ಪದರದ ಒಳಗಿಂದ ಕರಗಿದ ಬೆಲ್ಲ ನಾಲಿಗೆಗೆ ಬರುತ್ತದೆ. ಕೊನೆಗೆ ಉಳಿಯುವುದು ಅರಸಿನ ಎಲೆಯ ಆ ಸಣ್ಣ ಒಗರು. ಅದಿಲ್ಲದಿದ್ದರೆ ಇದು ಬರೀ ಸಿಹಿ. ಬಾಳೆಲೆಯಲ್ಲಿ ಮಾಡಿದ ಕಡುಬನ್ನೂ ಉಂಡಿದ್ದೇನೆ. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಪಂಚಮಿಯ ಕಡುಬು ಅದಲ್ಲ.

ಕೊಂಕಣಿಗರ ಮನೆಯಲ್ಲಿ ಇದೇ ಪಾತೋಳಿ. ಗೋವಾದ ಕ್ರೈಸ್ತರು ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕೂ ಇದನ್ನು ಮಾಡುತ್ತಾರೆ. ಹಬ್ಬಗಳು ಬೇರೆ, ಎಲೆ ದೊಡ್ಡದಾಗುವ ತಿಂಗಳು ಒಂದೇ. ಮುಂಗಾರು ಶುರುವಾಗುವ ಹೊತ್ತಿಗೆ ನೆಟ್ಟ ಗೆಡ್ಡೆ ಶ್ರಾವಣಕ್ಕೆ ಅಗಲವಾದ ಎಳಸು ಎಲೆ ಬಿಡುತ್ತದೆ. ಚಳಿಗಾಲ ಬಂತೆಂದರೆ ಎಲೆ ಹಳದಿಯಾಗಿ ಒಣಗುತ್ತದೆ, ಗೆಡ್ಡೆ ಅಗೆಯುವ ಸಮಯವಾಗುತ್ತದೆ. ವರ್ಷದ ನಡುವೆ ಯಾವಾಗಲಾದರೂ ಆಸೆಯಾಯಿತೆಂದರೆ ಈ ಕಡುಬು ಸಿಗದು. ಅದಕ್ಕೇ ಅದರ ಮೇಲೆ ಇಷ್ಟು ಪ್ರೀತಿ.

ಊರು ಬಿಟ್ಟಿರುವವರಿಗೆ ಒಂದು ಮಾತು. ಎಲೆಗಾಗಿ ಹಬ್ಬದ ಮುನ್ನಾದಿನ ಮಾರುಕಟ್ಟೆ ಅಲೆಯಬೇಡಿ. ಮೇ ಕೊನೆಯಲ್ಲಿ ಬಾಲ್ಕನಿಯ ಒಂದು ಅಗಲ ಕುಂಡದಲ್ಲಿ ಹಸಿ ಅರಸಿನದ ಎರಡು ಗೆಡ್ಡೆ ಊರಿ, ಬಿಸಿಲು ಬೀಳುವಲ್ಲಿಡಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಪಂಚಮಿಗೆ ನಾಲ್ಕಾರು ಎಲೆ ನಿಮ್ಮ ಮನೆಯದೇ ಆಗುತ್ತದೆ.